ಪದವಿ ಹಂತದಲ್ಲಿ ಮಾಹಿತಿ ವ್ಯವಸ್ಥೆಗಳ ನಿರ್ವಹಣೆ: ಬೆಳಗಾವಿಯ ಸಂದರ್ಭ ಮತ್ತು ಕನ್ನಡದ ಹೊಣೆ

ಕನ್ನಡ ಅಧ್ಯಯನ ವಿಭಾಗಗಳು ಗಣಕವನ್ನು ಬಹುಮಟ್ಟಿಗೆ ಲಿಪಿಯ ಪ್ರಶ್ನೆಯಾಗಿಯೇ ನೋಡುತ್ತ ಬಂದಿವೆ. ಕೀಲಿಮಣೆಯ ವಿನ್ಯಾಸ, ಅಕ್ಷರಶೈಲಿ, ಸಂಕೇತೀಕರಣ ಮೊದಲಾದ ವಿಷಯಗಳು ಕನ್ನಡ ವಿದ್ವತ್ ವಲಯದಲ್ಲಿ ಸಾಕಷ್ಟು ಚರ್ಚೆಗೆ ಒಳಗಾಗಿವೆ. ಆದರೆ ಗಣಕವು ಅಕ್ಷರವನ್ನು ಮೂಡಿಸುವ ಯಂತ್ರವಷ್ಟೇ ಅಲ್ಲ. ಸಮಾಜದ ವ್ಯವಹಾರವನ್ನು ದಾಖಲಿಸುವ, ವರ್ಗೀಕರಿಸುವ, ನಿರ್ಣಯಕ್ಕೆ ಒದಗಿಸುವ ಸಾಧನವೂ ಹೌದು. ಈ ಎರಡನೆಯ ಮುಖವನ್ನು ಅಭ್ಯಸಿಸುವ ಜ್ಞಾನಶಾಖೆಯೇ ಮಾಹಿತಿ ವ್ಯವಸ್ಥೆಗಳ ನಿರ್ವಹಣೆ. ಬಿ.ಸಿ.ಎ., ಬಿ.ಬಿ.ಎ., ಬಿ.ಕಾಂ. ಮತ್ತು ಎಂಜಿನಿಯರಿಂಗ್ ಪದವಿಗಳಲ್ಲಿ ಇದು ಬೇರೆ ಬೇರೆ ಹೆಸರು ಮತ್ತು ಪ್ರಮಾಣಗಳಲ್ಲಿ ಬೋಧನೆಯಾಗುತ್ತಿದೆ. ಇದೇ ಪದವಿಗಳ ವಿದ್ಯಾರ್ಥಿಗಳಿಗೆ ಕನ್ನಡವನ್ನು ಕಲಿಸುವ ಅಧ್ಯಾಪಕರಿಗೆ ಈ ವಿಷಯದ ಪರಿಚಯ ಅಷ್ಟಾಗಿ ಇಲ್ಲದಿರುವುದು ಸಹಜವಾದರೂ ಅಪೇಕ್ಷಣೀಯವಲ್ಲ. ಏಕೆಂದರೆ ಈ ಶಾಸ್ತ್ರದ ಮೂಲ ಸಮಸ್ಯೆಗಳು ಹೆಸರು, ಅರ್ಥ, ವರ್ಗೀಕರಣ ಮತ್ತು ನಿರೂಪಣೆಗೆ ಸಂಬಂಧಿಸಿದವು. ಅಂದರೆ ಭಾಷೆಯ ಸಮಸ್ಯೆಗಳು. ಈ ಜ್ಞಾನಶಾಖೆಯ ಸ್ವರೂಪವನ್ನು ವಿವರಿಸಿ, ಬೆಳಗಾವಿ ಮತ್ತು ಖಾನಾಪುರದ ಪರಿಸರದ ಉದಾಹರಣೆಗಳ ಮೂಲಕ ಅದರಲ್ಲಿ ಕನ್ನಡದ ಪಾತ್ರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದ ಮತ್ತು ಪರಿಕಲ್ಪನೆ

ಈ ಕ್ಷೇತ್ರದ ಪ್ರವೇಶದಲ್ಲಿಯೇ ಮೂರು ಪದಪುಂಜಗಳು ಎದುರಾಗುತ್ತವೆ: 'ನಿರ್ವಹಣಾ ಮಾಹಿತಿ ವ್ಯವಸ್ಥೆ', 'ಮಾಹಿತಿ ನಿರ್ವಹಣಾ ವ್ಯವಸ್ಥೆ' ಮತ್ತು 'ಮಾಹಿತಿ ವ್ಯವಸ್ಥೆಗಳ ನಿರ್ವಹಣೆ'. ಮೂರರಲ್ಲಿಯೂ ಇರುವ ಘಟಕಪದಗಳು ಅವೇ. ಆದರೆ ಅನುಕ್ರಮ ಬದಲಾದಂತೆ ಅರ್ಥವೂ ಬದಲಾಗುತ್ತದೆ. ಮೊದಲನೆಯದು, ನಿರ್ವಹಣೆಗೆ ಅಗತ್ಯವಾದ ಮಾಹಿತಿಯನ್ನು ಒದಗಿಸುವ ವ್ಯವಸ್ಥೆ. ಎರಡನೆಯದು, ಮಾಹಿತಿಯನ್ನು ಶೇಖರಿಸಿ ಕಾಪಾಡುವ ವ್ಯವಸ್ಥೆ. ಮೂರನೆಯದು, ಒಂದು ಸಂಸ್ಥೆಯಲ್ಲಿರುವ ಮಾಹಿತಿ ವ್ಯವಸ್ಥೆಗಳನ್ನು ಯೋಜಿಸುವ, ನಡೆಸುವ, ಪರಿಷ್ಕರಿಸುವ ಕಾರ್ಯ. ವಿಗ್ರಹವಾಕ್ಯವನ್ನು ಬಿಡಿಸಿ ಹೇಳಿದರೆ ಮಾತ್ರ ಈ ಭೇದ ಸ್ಪಷ್ಟವಾಗುತ್ತದೆ. ಇಂಗ್ಲಿಷಿನ ಸಂಕ್ಷಿಪ್ತಾಕ್ಷರಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗಳು ಮೂರನ್ನೂ ಒಂದೇ ಎಂದು ಭಾವಿಸುವ ಸಾಧ್ಯತೆ ಇದೆ; ಸಮಾಸದ ಅರಿವಿರುವ ಕನ್ನಡದ ವಿದ್ಯಾರ್ಥಿಗೆ ಆ ಗೊಂದಲ ಬರಬೇಕಾಗಿಲ್ಲ.

'ದತ್ತ' ಅಥವಾ 'ದತ್ತಾಂಶ' ಮತ್ತು 'ಮಾಹಿತಿ' ಎಂಬ ಎರಡು ಪದಗಳ ನಡುವಿನ ವ್ಯತ್ಯಾಸವೂ ಇಲ್ಲಿ ಮುಖ್ಯವಾದುದು. ಒಂದು ದಾಖಲೆಯಲ್ಲಿ ಬರೆದಿಟ್ಟ ಸಂಖ್ಯೆ ಅಥವಾ ಹೆಸರು ದತ್ತಾಂಶ. ಅದು ಒಬ್ಬರಿಗೆ ಒಂದು ಸಂದರ್ಭದಲ್ಲಿ ಅರ್ಥ ಕೊಟ್ಟಾಗ ಮಾಹಿತಿ ಎನಿಸುತ್ತದೆ. ಸ್ವೀಡನ್ನಿನ ವಿದ್ವಾಂಸ ಬೋರ್ಯೆ ಲಾಂಗೆಫೋರ್ಸ್ ಈ ಸಂಬಂಧವನ್ನು ಸೂತ್ರರೂಪದಲ್ಲಿ ವಿವರಿಸಿದರು. ಅವರ ಪ್ರಕಾರ ದೊರೆಯುವ ಮಾಹಿತಿಯು ದತ್ತಾಂಶ, ಓದುವವನ ಪೂರ್ವಜ್ಞಾನ ಮತ್ತು ಅರ್ಥೈಸಲು ದೊರೆಯುವ ಕಾಲ ಈ ಮೂರನ್ನು ಅವಲಂಬಿಸಿದೆ. ಒಂದೇ ದತ್ತಾಂಶದಿಂದ ಇಬ್ಬರು ಬೇರೆ ಬೇರೆ ಮಾಹಿತಿಯನ್ನು ಪಡೆಯಬಹುದು. ಒಬ್ಬನಿಗೆ ಏನೂ ದೊರೆಯದಿರಲೂಬಹುದು. ಅರ್ಥವು ಶಬ್ದದಲ್ಲಷ್ಟೇ ಇಲ್ಲ, ಸಹೃದಯನ ಸಂಸ್ಕಾರವನ್ನೂ ಅವಲಂಬಿಸಿದೆ ಎಂಬ ಭಾರತೀಯ ಕಾವ್ಯಮೀಮಾಂಸೆಯ ವಿಚಾರವನ್ನು ಬಲ್ಲವರಿಗೆ ಈ ನಿಲುವು ಅಪರಿಚಿತವೆನಿಸದು. ಎರಡರ ಉದ್ದೇಶ ಬೇರೆಯಾದರೂ, ಗ್ರಹಿಸುವವನನ್ನು ಬಿಟ್ಟು ಅರ್ಥವನ್ನು ನಿರ್ಣಯಿಸಲಾಗದು ಎಂಬ ಅಂಶ ಎರಡಕ್ಕೂ ಸಮಾನವಾಗಿದೆ.

ಜ್ಞಾನಶಾಖೆಯ ಬೆಳವಣಿಗೆ

ಮಾಹಿತಿ ವ್ಯವಸ್ಥೆಗಳ ಅಧ್ಯಯನ ಸ್ವತಂತ್ರ ವಿಷಯವಾಗಿ ರೂಪುಗೊಂಡದ್ದು 1960ರ ದಶಕದಲ್ಲಿ. 1965ರಲ್ಲಿ ರಾಬರ್ಟ್ ಆ್ಯಂಥನಿ ಸಂಸ್ಥೆಯ ನಿರ್ಣಯಗಳನ್ನು ಮೂರು ಸ್ತರಗಳಲ್ಲಿ ವಿಂಗಡಿಸಿದರು: ದೀರ್ಘಕಾಲೀನ ಯೋಜನೆ, ನಿರ್ವಹಣಾ ನಿಯಂತ್ರಣ ಮತ್ತು ದೈನಂದಿನ ಕಾರ್ಯನಿಯಂತ್ರಣ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಡೇವಿಸ್ ಮೊದಲಾದವರ ಪ್ರಯತ್ನದಿಂದ 1960ರ ದಶಕದ ಕೊನೆಯಲ್ಲಿ ಈ ವಿಷಯಕ್ಕೆ ಶೈಕ್ಷಣಿಕ ನೆಲೆ ದೊರೆಯಿತು. ಡೇವಿಸ್ ಅವರ ಪಠ್ಯಪುಸ್ತಕ 1974ರಲ್ಲಿ ಪ್ರಕಟವಾಯಿತು. ಈ ನಡುವೆ, 1970ರಲ್ಲಿ ಇ. ಎಫ್. ಕಾಡ್ ದತ್ತಸಂಚಯದ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. 1976ರಲ್ಲಿ ಪೀಟರ್ ಚೆನ್ ವಸ್ತುಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ನಕ್ಷೆಯಲ್ಲಿ ತೋರಿಸುವ ವಿಧಾನವನ್ನು ರೂಪಿಸಿದರು. ಇಂದಿಗೂ ಪದವಿ ಹಂತದ ಪಠ್ಯಕ್ರಮ ಈ ಅಡಿಪಾಯಗಳ ಮೇಲೆಯೇ ನಿಂತಿದೆ.

ಆ್ಯಂಥನಿಯವರ ಮೂರು ಸ್ತರಗಳನ್ನು ಬೆಳಗಾವಿಯ ಪರಿಸರದಿಂದಲೇ ವಿವರಿಸಬಹುದು. ನಗರದ ದಕ್ಷಿಣ ಭಾಗದಲ್ಲಿರುವ ಅನಗೋಳಕ್ಕೆ ಸಮೀಪದಲ್ಲಿಯೇ ಉದ್ಯಮಬಾಗ ಕೈಗಾರಿಕಾ ಪ್ರದೇಶವಿದೆ. ಎರಕದ ಕಾರ್ಖಾನೆಗಳಿಗೂ ಹೈಡ್ರಾಲಿಕ್ ಉಪಕರಣಗಳ ತಯಾರಿಕೆಗೂ ಬೆಳಗಾವಿ ಹೆಸರಾದುದು. ಒಂದು ಫೌಂಡ್ರಿಯಲ್ಲಿ ಆ ದಿನ ಎಷ್ಟು ಬಿಡಿಭಾಗಗಳನ್ನು ಎರಕ ಹೊಯ್ಯಲಾಯಿತು, ಅವುಗಳಲ್ಲಿ ಎಷ್ಟು ತಿರಸ್ಕೃತವಾದವು ಎಂಬುದನ್ನು ಬರೆದಿಡುವುದು ದೈನಂದಿನ ಸ್ತರದ ಕೆಲಸ. ತಿಂಗಳ ಕೊನೆಯಲ್ಲಿ ಯಾವ ಬಗೆಯ ಅಚ್ಚಿನಲ್ಲಿ ತಿರಸ್ಕಾರ ಹೆಚ್ಚು, ಅದಕ್ಕೆ ಮರಳು ಕಾರಣವೋ ಲೋಹದ ಉಷ್ಣತೆ ಕಾರಣವೋ ಎಂದು ವಿಶ್ಲೇಷಿಸುವುದು ನಿಯಂತ್ರಣದ ಸ್ತರ. ಮುಂದಿನ ಐದು ವರ್ಷಗಳಲ್ಲಿ ಹೊಸ ಕುಲುಮೆಗೆ ಬಂಡವಾಳ ಹೂಡಬೇಕೇ ಎಂಬುದು ಯೋಜನೆಯ ಸ್ತರ. ಮೂರಕ್ಕೂ ಮೂಲ ದತ್ತಾಂಶ ಒಂದೇ. ಅದು ಹುಟ್ಟುವುದು ಕೆಲಸಗಾರನೊಬ್ಬ ಪಾಳಿಯ ಕೊನೆಯಲ್ಲಿ ಬರೆಯುವ ದಾಖಲೆಯಲ್ಲಿ. ಆ ದಾಖಲೆಯಲ್ಲಿ ದೋಷದ ಕಾರಣವನ್ನು ಬರೆಯಬೇಕಾದ ಅಂಕಣ ಅವನಿಗೆ ತಿಳಿಯದ ಭಾಷೆಯಲ್ಲಿದ್ದರೆ, ಅವನು ಅದನ್ನು ಖಾಲಿ ಬಿಡುತ್ತಾನೆ ಅಥವಾ ಎಲ್ಲಕ್ಕೂ ಒಂದೇ ಪದವನ್ನು ಬರೆಯುತ್ತಾನೆ. ಅನಂತರ ಎಷ್ಟೇ ಸಮರ್ಥವಾದ ತಂತ್ರಾಂಶವಿದ್ದರೂ ಇಲ್ಲದ ಮಾಹಿತಿಯನ್ನು ಅದು ಸೃಷ್ಟಿಸಲಾರದು.

ಬೆಳಗಾವಿಯಲ್ಲಿ ಈ ಅಧ್ಯಯನ

ಬೆಳಗಾವಿಯ ಉನ್ನತ ಶಿಕ್ಷಣ ಪರಂಪರೆ ದೀರ್ಘವಾದುದು. 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. 1933ರಲ್ಲಿ ಲಿಂಗರಾಜ ಕಾಲೇಜು ಆರಂಭವಾಯಿತು. ಗೋಗಟೆ ತಾಂತ್ರಿಕ ವಿದ್ಯಾಲಯವು 1979ರಲ್ಲಿ ಉದ್ಯಮಬಾಗದಲ್ಲಿ ಪ್ರಾರಂಭವಾಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಗೊಂಡು, ಖಾನಾಪುರ ರಸ್ತೆಯ ಮಚ್ಛೆಯ ಬಳಿಯ 'ಜ್ಞಾನ ಸಂಗಮ'ದಲ್ಲಿ ನೆಲೆಗೊಂಡಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಈ ಭಾಗದ ಸಾಮಾನ್ಯ ಪದವಿ ಕಾಲೇಜುಗಳು, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಅದರ ವ್ಯಾಪ್ತಿಗೆ ಸೇರಿದವು.

ಹೀಗಾಗಿ ಅನಗೋಳ, ತಿಲಕವಾಡಿ, ವಡಗಾವಿಗಳ ಅಥವಾ ಖಾನಾಪುರ ತಾಲೂಕಿನ ಹಳ್ಳಿಗಳ ವಿದ್ಯಾರ್ಥಿಯೊಬ್ಬ ಪಿ.ಯು.ಸಿ. ಮುಗಿಸಿ ಈ ವಿಷಯವನ್ನು ಅಭ್ಯಸಿಸಲು ಮೂರು ದಾರಿಗಳಿವೆ. ಮೊದಲನೆಯದು, ನಾಲ್ಕು ವರ್ಷಗಳ ಮಾಹಿತಿ ವಿಜ್ಞಾನ ಎಂಜಿನಿಯರಿಂಗ್ ಪದವಿ. ಇಲ್ಲಿ ತಂತ್ರಾಂಶ ನಿರ್ಮಾಣಕ್ಕೂ ಗಣಿತಕ್ಕೂ ಪ್ರಾಧಾನ್ಯ. ಎರಡನೆಯದು ಬಿ.ಸಿ.ಎ. ಇಲ್ಲಿ ಪ್ರೋಗ್ರಾಮಿಂಗ್, ದತ್ತಸಂಚಯ, ವ್ಯವಸ್ಥಾ ವಿಶ್ಲೇಷಣೆ ಮತ್ತು ವಿನ್ಯಾಸ, ಜಾಲ ಮೊದಲಾದ ವಿಷಯಗಳಿಗೆ ಒತ್ತು. ಮೂರನೆಯದು ಬಿ.ಬಿ.ಎ. ಅಥವಾ ಬಿ.ಕಾಂ. ಇಲ್ಲಿ ಸಂಸ್ಥೆ, ಲೆಕ್ಕಪತ್ರ ಮತ್ತು ನಿರ್ಣಯಗಳ ದೃಷ್ಟಿಯಿಂದ ಮಾಹಿತಿ ವ್ಯವಸ್ಥೆಯ ಪರಿಚಯವಾಗುತ್ತದೆ. ತಂತ್ರವನ್ನು ಬಲ್ಲವನಿಗೆ ಸಂಸ್ಥೆಯ ಅರಿವು, ಸಂಸ್ಥೆಯನ್ನು ಬಲ್ಲವನಿಗೆ ತಂತ್ರದ ಅರಿವು ಕಡಿಮೆಯಾಗುವ ಅಪಾಯ ಈ ವಿಭಜನೆಯಲ್ಲಿದೆ. ಮಾಹಿತಿ ವ್ಯವಸ್ಥೆಗಳ ನಿರ್ವಹಣೆ ಎಂಬುದು ಇವೆರಡರ ನಡುವಿನ ಸೇತುವೆ.

ಪಠ್ಯಕ್ರಮದ ಚೌಕಟ್ಟು ಈಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ 2021-22ರಿಂದ ಕರ್ನಾಟಕದ ಪದವಿ ಶಿಕ್ಷಣದಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2024-25ರಲ್ಲಿ ಕೈಬಿಟ್ಟು, ಮೂರು ವರ್ಷಗಳ ಪದವಿಗೆ ಮರಳಿತು. ಅದೇ ವರ್ಷದಿಂದ ಬಿ.ಸಿ.ಎ. ಮತ್ತು ಬಿ.ಬಿ.ಎ. ಪದವಿಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಯ ವ್ಯಾಪ್ತಿಗೆ ಬಂದವು. ಇದೇ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು ಅವಕಾಶ ನೀಡಿತ್ತು. ಚೌಕಟ್ಟು ಹೇಗೇ ಬದಲಾದರೂ, ಬೋಧನೆಯ ಮಾಧ್ಯಮ ಬಹುಮಟ್ಟಿಗೆ ಇಂಗ್ಲಿಷ್ ಆಗಿಯೇ ಉಳಿದಿದೆ. ಕನ್ನಡ ಅಥವಾ ಮರಾಠಿ ಮಾಧ್ಯಮದ ಶಾಲೆಯಿಂದ ಬಂದ ವಿದ್ಯಾರ್ಥಿ ತನ್ನ ಸುತ್ತಲಿನ ವ್ಯವಹಾರವನ್ನು ಒಂದು ಭಾಷೆಯಲ್ಲಿ ಬಲ್ಲ. ಅದನ್ನು ವಿಶ್ಲೇಷಿಸುವ ಶಾಸ್ತ್ರವನ್ನು ಮತ್ತೊಂದು ಭಾಷೆಯಲ್ಲಿ ಓದುತ್ತಾನೆ. ಎರಡೂ ಒಂದೇ ವಸ್ತುವನ್ನು ಕುರಿತವು ಎಂಬ ಅರಿವು ಮೂಡದೆಯೇ ಅವನ ಪದವಿ ಮುಗಿಯಬಹುದು.

ಉತಾರದಿಂದ ದತ್ತಸಂಚಯಕ್ಕೆ

ಈ ಅಂತರವನ್ನು ಕಡಿಮೆ ಮಾಡಬಲ್ಲ ಉತ್ತಮ ಉದಾಹರಣೆ ಕರ್ನಾಟಕದಲ್ಲಿಯೇ ಇದೆ. ಕಂದಾಯ ಇಲಾಖೆಯ 'ಭೂಮಿ' ಯೋಜನೆ ಕನ್ನಡದಲ್ಲಿ ರೂಪುಗೊಂಡ ಬೃಹತ್ ಮಾಹಿತಿ ವ್ಯವಸ್ಥೆಗಳಲ್ಲಿ ಪ್ರಮುಖವಾದುದು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ, ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. 2000ದ ದಶಕದ ಆರಂಭದ ವೇಳೆಗೆ ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ರೈತ ಮುದ್ರಿತ ಪಹಣಿ ಪಡೆಯುವ ಏರ್ಪಾಡಾಯಿತು. ಅದುವರೆಗೆ ಗ್ರಾಮ ಲೆಕ್ಕಿಗನ ಬಳಿ ಇದ್ದ ಕೈಬರಹದ ದಾಖಲೆ ಸಾರ್ವಜನಿಕವಾಗಿ ಲಭ್ಯವಾಯಿತು.

ಬೆಳಗಾವಿ ಭಾಗದಲ್ಲಿ ಪಹಣಿಯನ್ನು ಜನ 'ಉತಾರ' ಎನ್ನುತ್ತಾರೆ. ಗ್ರಾಮ ಲೆಕ್ಕಿಗನನ್ನು 'ತಲಾಠಿ' ಎನ್ನುತ್ತಾರೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಆ ಆಡಳಿತದ ಪದಗಳು ಬಳಕೆಯಲ್ಲಿ ಉಳಿದಿವೆ. ಸರ್ಕಾರಿ ಪತ್ರದಲ್ಲಿ ಒಂದು ಪದ, ಜನರ ಬಾಯಲ್ಲಿ ಇನ್ನೊಂದು ಪದ ಇರುವಲ್ಲಿ, ವ್ಯವಸ್ಥೆಯನ್ನು ವಿನ್ಯಾಸಗೊಳಿಸುವವನು ಎರಡನ್ನೂ ಬಲ್ಲವನಾಗಿರಬೇಕು. ವ್ಯವಸ್ಥಾ ವಿಶ್ಲೇಷಣೆಯ ಮೊದಲ ಹಂತವಾದ 'ಅಗತ್ಯಗಳ ಸಂಗ್ರಹ' ಎಂದರೆ ಬಳಸುವವರ ಮಾತನ್ನು ಕೇಳಿ, ಅವರ ಪದಗಳ ಅರ್ಥವ್ಯಾಪ್ತಿಯನ್ನು ನಿಖರವಾಗಿ ದಾಖಲಿಸುವುದು. ಕ್ಷೇತ್ರಕಾರ್ಯ ಮಾಡಿದ ಜಾನಪದ ಅಥವಾ ಉಪಭಾಷಾ ಸಂಶೋಧಕನಿಗೆ ಈ ವಿಧಾನ ಚಿರಪರಿಚಿತ.

ಒಂದು ಪಹಣಿಯನ್ನು ಎದುರಿಗಿಟ್ಟುಕೊಂಡು ದತ್ತಸಂಚಯದ ಮುಖ್ಯ ತತ್ತ್ವಗಳನ್ನೆಲ್ಲ ಬೋಧಿಸಲು ಸಾಧ್ಯವಿದೆ. ಅದರ 9ನೆಯ ಕಲಮಿನಲ್ಲಿ ಸ್ವಾಧೀನದಾರನ ಹೆಸರು, 12ನೆಯ ಕಲಮಿನಲ್ಲಿ ಸಾಗುವಳಿದಾರನ ವಿವರ ಇರುತ್ತದೆ. ಅಂದರೆ 'ವ್ಯಕ್ತಿ' ಮತ್ತು 'ಜಮೀನು' ಎಂಬ ಎರಡು ವಸ್ತುಗಳ ನಡುವೆ ಒಡೆತನ ಮತ್ತು ಸಾಗುವಳಿ ಎಂಬ ಎರಡು ಭಿನ್ನ ಸಂಬಂಧಗಳಿವೆ. ಇವೆರಡನ್ನು ಒಂದೇ ಎಂದು ಭಾವಿಸಿ ವಿನ್ಯಾಸ ಮಾಡಿದರೆ ಗೇಣಿದಾರನ ಅಸ್ತಿತ್ವವೇ ದಾಖಲೆಯಿಂದ ಅಳಿಸಿಹೋಗುತ್ತದೆ. 1974ರ ಭೂಸುಧಾರಣಾ ತಿದ್ದುಪಡಿಯ ಅನಂತರ ಗೇಣಿದಾರರ ಹಕ್ಕಿನ ವಿವಾದಗಳಲ್ಲಿ ಸಾಗುವಳಿಯ ನಮೂದಿಗೆ ಎಷ್ಟು ಬೆಲೆಯಿತ್ತೆಂಬುದನ್ನು ನೆನೆದರೆ ಈ ವಿನ್ಯಾಸದ ಪರಿಣಾಮ ಅರ್ಥವಾಗುತ್ತದೆ. ಹಾಗೆಯೇ ಒಂದು ಸರ್ವೆ ನಂಬರಿನ ಜಮೀನಿಗೆ ಹಲವು ಜಂಟಿ ಖಾತೆದಾರರಿರಬಹುದು. ಒಬ್ಬ ಖಾತೆದಾರನಿಗೆ ಹಲವು ಸರ್ವೆ ನಂಬರುಗಳಲ್ಲಿ ಹಿಸ್ಸೆಗಳಿರಬಹುದು. ಹಲವಕ್ಕೆ ಹಲವಿರುವ ಈ ಸಂಬಂಧವನ್ನು ಒಂದೇ ಕೋಷ್ಟಕದಲ್ಲಿ ತುಂಬಲಾಗದು; 'ಹಿಸ್ಸೆ' ಎಂಬ ಮೂರನೆಯ ಕೋಷ್ಟಕ ಬೇಕಾಗುತ್ತದೆ. ಕಾಡ್ ಅವರ ಸಂಬಂಧಾತ್ಮಕ ಮಾದರಿಯ ಹೃದಯಭಾಗ ಇದೇ.

ವಿಸ್ತೀರ್ಣದ ಅಂಕಣವೂ ಬೋಧಪ್ರದವಾಗಿದೆ. ಒಂದು ಎಕರೆಗೆ 40 ಗುಂಟೆ. 2 ಎಕರೆ 35 ಗುಂಟೆಯನ್ನು ರೂಢಿಯಲ್ಲಿ 2-35 ಎಂದು ಬರೆಯುತ್ತಾರೆ. ಇದನ್ನು ದಶಮಾಂಶವೆಂದು ತಿಳಿದು 2.35 ಎಂದು ಗಣಕಕ್ಕೆ ಊಡಿದರೆ ಅರ್ಧ ಎಕರೆಗೂ ಹೆಚ್ಚು ಭೂಮಿ ಲೆಕ್ಕದಿಂದ ಮಾಯವಾಗುತ್ತದೆ. ಏಕೆಂದರೆ ಅದರ ನಿಜವಾದ ದಶಮಾಂಶ ಬೆಲೆ 2.875. 2-35ಕ್ಕೆ 1-20ನ್ನು ಕೂಡಿದರೆ ಬರುವುದು 4-15. ದಶಮಾಂಶ ಕ್ರಮದಲ್ಲಿ ಕೂಡಿದರೆ 3.55 ಎಂಬ ಅಸಂಗತ ಉತ್ತರ ಬರುತ್ತದೆ. ದತ್ತಾಂಶದ ಪ್ರಕಾರವನ್ನು ನಿರ್ಧರಿಸುವುದು ಬರಿಯ ತಾಂತ್ರಿಕ ಕ್ರಿಯೆಯಲ್ಲ, ಲೋಕರೂಢಿಯ ಅರಿವನ್ನು ಬೇಡುವ ಕ್ರಿಯೆ ಎಂಬುದನ್ನು ರೈತ ಕುಟುಂಬದ ವಿದ್ಯಾರ್ಥಿಗೆ ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ಉದಾಹರಣೆ ವಿರಳ.

'ಭೂಮಿ' ವ್ಯವಸ್ಥೆ ಕೇವಲ ದಾಖಲೆಯ ಶೇಖರಣೆಯಲ್ಲಿ ನಿಲ್ಲಲಿಲ್ಲ, ಕಾರ್ಯವಿಧಾನವನ್ನೂ ಬದಲಿಸಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿ ಅಳವಡಿಸಲಾಯಿತು. ದಾಖಲೆಯನ್ನು ತಿದ್ದುವ ನೌಕರನು ಬೆರಳಚ್ಚಿನ ಮೂಲಕ ತನ್ನನ್ನು ಗುರುತಿಸಿಕೊಳ್ಳಬೇಕಾಯಿತು. ಹೊಣೆಗಾರಿಕೆಯನ್ನು ವ್ಯವಸ್ಥೆಯ ಒಳಗೇ ಹೆಣೆಯುವ ಈ ಕ್ರಮ ಮಾಹಿತಿ ವ್ಯವಸ್ಥೆಗಳ ನಿರ್ವಹಣೆಯ ಪ್ರಮುಖ ಪಾಠ. ಇದರ ಮತ್ತೊಂದು ಮುಖವನ್ನೂ ಗಮನಿಸಬೇಕು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕೇಂದ್ರೀಕೃತವಾದ ಭೂದಾಖಲೆ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಅನುಕೂಲ ಮಾಡಿಕೊಟ್ಟಿತು, ಸ್ಥಳೀಯವಾಗಿ ಪ್ರಶ್ನಿಸುವ ಅವಕಾಶ ಕುಗ್ಗಿತು ಎಂದು ವಾದಿಸಿತು. ಒಂದು ವ್ಯವಸ್ಥೆ ದಕ್ಷವೇ ಎಂಬ ಪ್ರಶ್ನೆಯ ಜೊತೆಗೆ, ಯಾರಿಗೆ ದಕ್ಷ ಎಂಬ ಪ್ರಶ್ನೆಯನ್ನೂ ಪದವಿ ವಿದ್ಯಾರ್ಥಿ ಕೇಳಲು ಕಲಿಯಬೇಕು.

ಹೆಸರಿನ ಸಮಸ್ಯೆ

ಯಾವುದೇ ಮಾಹಿತಿ ವ್ಯವಸ್ಥೆಯ ಅತ್ಯಂತ ಕಠಿಣ ಭಾಗ ವ್ಯಕ್ತಿ ಮತ್ತು ಸ್ಥಳಗಳ ಗುರುತು. ಹಳೆಯ ಮೈಸೂರು ಭಾಗದಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಹೆಸರಿನ ಹಿಂದೆ ಬರುತ್ತದೆ. ಬೆಳಗಾವಿ ಭಾಗದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. ಪಾಶ್ಚಾತ್ಯ ಮಾದರಿಯ 'ಮೊದಲ ಹೆಸರು, ಕೊನೆಯ ಹೆಸರು' ಎಂಬ ಎರಡು ಅಂಕಣಗಳಲ್ಲಿ ಈ ಎರಡೂ ಪದ್ಧತಿಗಳು ಸರಿಯಾಗಿ ಹೊಂದವು. ಅಲ್ಲದೆ ಈ ಭಾಗದಲ್ಲಿ ವಿವಾಹಾನಂತರ ಸ್ತ್ರೀಯ ಹೆಸರಿನ ಮಧ್ಯಭಾಗದಲ್ಲಿ ತಂದೆಯ ಹೆಸರಿಗೆ ಬದಲಾಗಿ ಗಂಡನ ಹೆಸರು ಸೇರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ತವರಿನ ದಾಖಲೆಯಲ್ಲಿರುವವಳು ಮತ್ತು ಗಂಡನ ಮನೆಯ ದಾಖಲೆಯಲ್ಲಿರುವವಳು ಗಣಕದ ದೃಷ್ಟಿಯಲ್ಲಿ ಇಬ್ಬರು ಬೇರೆ ವ್ಯಕ್ತಿಗಳು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ಇಡೀ ದೇಶದಲ್ಲಿ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ವಿಸ್ತರಿಸಿದೆ. ಕಾನೂನು ಕೊಟ್ಟ ಹಕ್ಕು ವಾರಸಾ ನಮೂದಿಸುವ ಹಂತದಲ್ಲಿ ಹೆಸರಿನ ಹೊಂದಾಣಿಕೆಯಿಲ್ಲವೆಂಬ ಕಾರಣಕ್ಕೆ ತಡವಾಗುವುದಾದರೆ, ಅದು ವ್ಯವಸ್ಥಾ ವಿನ್ಯಾಸದ ದೋಷವೇ ಹೊರತು ಆ ಹೆಣ್ಣುಮಗಳ ದೋಷವಲ್ಲ.

ಒಂದೇ ಹೆಸರಿನ ಕಾಗುಣಿತ ಭೇದವೂ ಇಂತಹುದೇ. 'ಪಾಟೀಲ' ಎಂಬುದು ಉತ್ತರ ಕರ್ನಾಟಕದ ಸ್ವರಾಂತ ರೂಪ. ದಕ್ಷಿಣದ ರೂಢಿಯಲ್ಲಿ ಅದು 'ಪಾಟೀಲ್' ಆಗುತ್ತದೆ. ಇಂಗ್ಲಿಷಿನಿಂದ ಮರಳಿ ಕನ್ನಡಕ್ಕೆ ಬರುವಾಗ ದೀರ್ಘವು ಹ್ರಸ್ವವಾಗಿ 'ಪಾಟಿಲ್' ಎಂದೂ ಆಗಬಹುದು. ಮನುಷ್ಯ ಇವನ್ನು ಒಂದೆಂದು ಗ್ರಹಿಸುತ್ತಾನೆ, ಗಣಕ ಗ್ರಹಿಸದು. ಅದಕ್ಕೆ ಸಮಾನರೂಪಗಳ ನಿಯಮವನ್ನು ಕಲಿಸಬೇಕು. ಆ ನಿಯಮಗಳನ್ನು ರೂಪಿಸಬಲ್ಲವರು ಕನ್ನಡದ ಧ್ವನಿವ್ಯವಸ್ಥೆಯನ್ನೂ ಪ್ರಾದೇಶಿಕ ಭೇದಗಳನ್ನೂ ಬಲ್ಲ ಭಾಷಾವಿಜ್ಞಾನಿಗಳು.

ಸ್ಥಳನಾಮಗಳಲ್ಲಿ ಕಾಲದ ಪ್ರಶ್ನೆಯೂ ಸೇರುತ್ತದೆ. 2014ರ ನವೆಂಬರ್ 1ರಂದು 'ಬೆಳಗಾಂ' ಅಧಿಕೃತವಾಗಿ 'ಬೆಳಗಾವಿ' ಆಯಿತು. ಅದರೊಂದಿಗೆ ರಾಜ್ಯದ ಇನ್ನೂ ಹಲವು ನಗರಗಳ ಹೆಸರು ಬದಲಾದವು. ರಟ್ಟರ ಕಾಲದ ಶಾಸನಗಳಲ್ಲಿ ಇದೇ ಊರು 'ವೇಣುಗ್ರಾಮ'. ಖಾನಾಪುರ ತಾಲೂಕಿನ ಹಲಸಿ ಕದಂಬರ ತಾಮ್ರಪಟಗಳಲ್ಲಿ 'ಪಲಾಶಿಕಾ' ಎಂದು ಕಾಣಿಸಿಕೊಳ್ಳುತ್ತದೆ. ಆಡಳಿತ ವಿಭಾಗವಾಗಿ 'ಪಲಸಿಗೆ' ಎಂಬ ರೂಪವಿದೆ. ಪಕಾರ ಹಕಾರವಾದ ಕನ್ನಡದ ಧ್ವನಿಪಲ್ಲಟ ಇದರ ಹಿಂದಿದೆ. ಹೆಸರನ್ನೇ ಗುರುತಾಗಿ ಬಳಸಿದ ದತ್ತಸಂಚಯ ಇಂತಹ ಬದಲಾವಣೆಗಳೆದುರು ಕುಸಿಯುತ್ತದೆ. ಆದ್ದರಿಂದ ಸ್ಥಳಕ್ಕೆ ಬದಲಾಗದ ಒಂದು ಸಂಕೇತಸಂಖ್ಯೆಯನ್ನು ಕೊಟ್ಟು, ಹೆಸರುಗಳನ್ನು ಪ್ರತ್ಯೇಕ ಕೋಷ್ಟಕದಲ್ಲಿ ಭಾಷೆ, ಲಿಪಿ ಮತ್ತು ಕಾಲಾವಧಿಯೊಂದಿಗೆ ದಾಖಲಿಸುವುದು ಉಚಿತ ಕ್ರಮ. ಹಾಗೆ ಮಾಡಿದಾಗ ಅನಗೋಳದ ಕನ್ನಡ ರೂಪ, ಮರಾಠಿ ರೂಪ ಮತ್ತು ಇಂಗ್ಲಿಷಿನ 'ಆಂಗೋಲ್' ಎಂಬ ರೂಪ ಒಂದೇ ಸ್ಥಳಕ್ಕೆ ಸೇರಿದ ಮೂರು ನಮೂದುಗಳಾಗುತ್ತವೆ. ಗಡಿಭಾಗದಲ್ಲಿ ಭಾಷೆಯ ಪ್ರಶ್ನೆ ಸೂಕ್ಷ್ಮವಾದುದು. ಆಡಳಿತ ಭಾಷೆ ಕನ್ನಡವಾಗಿದ್ದುಕೊಂಡೇ ಮರಾಠಿ ಮಾತನಾಡುವ ಖಾತೆದಾರನ ಹೆಸರು ವಿಕಾರಗೊಳ್ಳದಂತೆ ನೋಡಿಕೊಳ್ಳುವುದು ವ್ಯವಸ್ಥೆಯ ಮೇಲಿನ ವಿಶ್ವಾಸವನ್ನು ಹೆಚ್ಚಿಸುತ್ತದೆ.

ಅಕ್ಷರ ಮತ್ತು ಅನುಕ್ರಮ

ಇನ್ನು ಲಿಪಿಯ ಮಟ್ಟದ ವಿಚಾರ. ಕನ್ನಡದ ಆರಂಭಿಕ ತಂತ್ರಾಂಶಗಳು ಅಕ್ಷರಶೈಲಿಯನ್ನು ಆಧರಿಸಿದ್ದವು. ಅವುಗಳಲ್ಲಿ ಸಂಗ್ರಹವಾಗುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಆಕಾರಖಂಡಗಳು. ಮುದ್ರಣಕ್ಕೆ ಅದು ಸಾಕಾಗುತ್ತಿತ್ತು. ಹುಡುಕಾಟಕ್ಕೂ ವಿಂಗಡಣೆಗೂ ಸಾಕಾಗುತ್ತಿರಲಿಲ್ಲ. 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಅದರ ವ್ಯಾಪಕ ಬಳಕೆ ಬಹಳ ತಡವಾಯಿತು. ಈ ನಡುವಿನ ಅವಧಿಯಲ್ಲಿ ಅಕ್ಷರಶೈಲಿಗಳಲ್ಲಿ ಸಂಗ್ರಹವಾದ ಕಡತಗಳ ಪರಿವರ್ತನೆ ಇಂದಿಗೂ ಕಚೇರಿಗಳಿಗೂ ಸಂಶೋಧಕರಿಗೂ ತೊಡಕಾಗಿದೆ.

ಯುನಿಕೋಡ್ ಬಂದ ಮಾತ್ರಕ್ಕೆ ಸಮಸ್ಯೆಗಳು ಮುಗಿಯಲಿಲ್ಲ. 'ಅನಗೋಳ' ಎಂಬ ಹೆಸರನ್ನೇ ಪರಿಶೀಲಿಸಬಹುದು. ಇದರಲ್ಲಿನ 'ಗೋ' ಎಂಬಲ್ಲಿಯ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ದಾಖಲಿಸಬಹುದು. ಅಥವಾ ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಾಗಿಯೂ ದಾಖಲಿಸಬಹುದು. ಮೊದಲ ಕ್ರಮದಲ್ಲಿ ಇಡೀ ಪದಕ್ಕೆ 5 ಸಂಕೇತಗಳು, ಎರಡನೆಯದರಲ್ಲಿ 7. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಏಕರೂಪಗೊಳಿಸುವ ಕ್ರಮವನ್ನು ಅನುಸರಿಸದ ತಂತ್ರಾಂಶದಲ್ಲಿ ಒಂದನ್ನು ಹುಡುಕಿದರೆ ಮತ್ತೊಂದು ಸಿಗುವುದಿಲ್ಲ. ಅರ್ಜಿದಾರನಿಗೆ ದೊರೆಯುವ ಉತ್ತರ 'ದಾಖಲೆ ಇಲ್ಲ' ಎಂಬುದು. ದಾಖಲೆಯಾದರೋ ಇದ್ದೇ ಇರುತ್ತದೆ.

ಅಕಾರಾದಿಯ ಅನುಕ್ರಮವೂ ಗಮನಾರ್ಹ. ಕನ್ನಡ ವರ್ಣಮಾಲೆಯಲ್ಲಿ ಳಕಾರ ಹಕಾರದ ಅನಂತರ ಬರುತ್ತದೆ. ಯುನಿಕೋಡಿನಲ್ಲಿ ಅದರ ಸ್ಥಾನ ಲಕಾರದ ಬಳಿಕ, ವಕಾರಕ್ಕಿಂತ ಮೊದಲು. ಆದುದರಿಂದ ಸಂಕೇತಗಳ ಕ್ರಮವನ್ನೇ ನೆಚ್ಚಿದ ಪಟ್ಟಿಯಲ್ಲಿ 'ಬಳ್ಳಾರಿ' ಮೊದಲು, 'ಬಸವನಬಾಗೇವಾಡಿ' ಅನಂತರ ಬರುತ್ತದೆ. ನಿಘಂಟಿನ ಕ್ರಮ ಇದಕ್ಕೆ ವಿರುದ್ಧ. ಹಳಗನ್ನಡದ ಱ ಮತ್ತು ೞಗಳ ಸ್ಥಾನವೂ ಶಾಸನ ಸೂಚಿಗಳನ್ನು ಸಿದ್ಧಪಡಿಸುವವರಿಗೆ ತೊಂದರೆ ಕೊಡುತ್ತದೆ. ಭಾಷಾನುಸಾರಿಯಾದ ವಿಂಗಡಣಾ ನಿಯಮವನ್ನು ಪ್ರತ್ಯೇಕವಾಗಿ ಅಳವಡಿಸಿದರೆ ಇವು ಪರಿಹಾರವಾಗುತ್ತವೆ. ಆದರೆ ಸಮಸ್ಯೆ ಇದೆಯೆಂದು ತಿಳಿದವನು ಮಾತ್ರ ಪರಿಹಾರವನ್ನು ಹುಡುಕುತ್ತಾನೆ. ಕನ್ನಡ ವರ್ಣಮಾಲೆಯನ್ನು ಶಾಲೆಯಲ್ಲಿ ಕಲಿತು ಮರೆತ ಬಿ.ಸಿ.ಎ. ವಿದ್ಯಾರ್ಥಿಗೆ ಪಟ್ಟಿ ತಪ್ಪೆಂದು ಹೊಳೆಯುವುದೇ ಕಷ್ಟ.

ತರಗತಿಯಲ್ಲಿ ಕನ್ನಡ

ಪದವಿ ಹಂತದ ಕನ್ನಡ ಪಠ್ಯಗಳು ಸಾಮಾನ್ಯವಾಗಿ ಪದ್ಯ, ಗದ್ಯ, ಕಥೆ, ನಾಟಕಗಳ ಸಂಕಲನಗಳು. ಸಾಹಿತ್ಯದ ಓದು ಯಾವ ಪದವಿಗೂ ಅನಾವಶ್ಯಕವಲ್ಲ. ಅದನ್ನು ಕೈಬಿಡಬೇಕೆಂಬ ವಾದ ಇಲ್ಲಿನದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಲ್ಲವರಿಗೆ 'ಆಡಳಿತ ಕನ್ನಡ', 'ಸಾಂಸ್ಕೃತಿಕ ಕನ್ನಡ' ಎಂದೂ, ಕನ್ನಡೇತರರಿಗೆ 'ವ್ಯಾವಹಾರಿಕ ಕನ್ನಡ', 'ಬಳಕೆ ಕನ್ನಡ' ಎಂದೂ ಬೇರೆ ಬೇರೆ ಪಠ್ಯಕ್ರಮಗಳಲ್ಲಿ ಪತ್ರಿಕೆಗಳನ್ನು ಅಳವಡಿಸಿದ್ದು ವೃತ್ತಿಪರ ಶಿಕ್ಷಣದಲ್ಲಿ ಕನ್ನಡಕ್ಕೆ ಒಂದು ನೆಲೆ ಕಲ್ಪಿಸಿತು. ಆಡಳಿತ ಕನ್ನಡದ ಬೋಧನೆ ಪತ್ರಲೇಖನ ಮತ್ತು ಟಿಪ್ಪಣಿಗಳಲ್ಲಿ ನಿಲ್ಲದೆ ಅರ್ಜಿ ನಮೂನೆಯ ವಿನ್ಯಾಸಕ್ಕೂ ಮುಂದುವರಿಯಬಹುದು. ಇಂದಿನ ನಾಗರಿಕ ಸರ್ಕಾರವನ್ನು ಸಂಧಿಸುವುದು ಪತ್ರದ ಮೂಲಕಕ್ಕಿಂತ ಹೆಚ್ಚಾಗಿ ತೆರೆಯ ಮೇಲಿನ ನಮೂನೆಯ ಮೂಲಕ.

ಈ ದಿಸೆಯಲ್ಲಿ ಕೆಲವು ಕಾರ್ಯಗಳು ಸಾಧ್ಯವಾದವು. ಒಂದು, ಕನ್ನಡ ಮತ್ತು ಗಣಕ ವಿಭಾಗಗಳು ಕೂಡಿ, ವಿದ್ಯಾರ್ಥಿಗಳ ಅಂತಿಮ ವರ್ಷದ ಯೋಜನಾಕಾರ್ಯಕ್ಕೆ ಸ್ಥಳೀಯ ವಸ್ತುಗಳನ್ನು ಒದಗಿಸುವುದು. ಹಲಸಿಯ ಶಾಸನಗಳ ಸೂಚಿ, ಖಾನಾಪುರ ತಾಲೂಕಿನ ಸ್ಥಳನಾಮ ಕೋಶ, ಶಹಾಪುರ-ವಡಗಾವಿಗಳ ನೇಕಾರಿಕೆಯ ಪದಕೋಶ ಇವೆಲ್ಲ ದತ್ತಸಂಚಯದ ಪಾಠಕ್ಕೂ ಕನ್ನಡ ಸಂಶೋಧನೆಗೂ ಏಕಕಾಲದಲ್ಲಿ ಉಪಯುಕ್ತ. ಎರಡು, ಬಳಕೆಯಲ್ಲಿರುವ ಸರ್ಕಾರಿ ನಮೂನೆಯೊಂದನ್ನು ತರಗತಿಯಲ್ಲಿ ಓದಿಸಿ, ಅದರ ಪದಗಳು ಬಳಕೆದಾರನಿಗೆ ತಿಳಿಯುವಂತಿವೆಯೇ ಎಂದು ಪರೀಕ್ಷಿಸಿ ತಿದ್ದಿಸುವುದು. ಮೂರು, ಪಾರಿಭಾಷಿಕ ಪದಗಳನ್ನು ರೂಪಿಸುವಾಗ ಕೇವಲ ಸಂಸ್ಕೃತ ಧಾತುಗಳತ್ತ ನೋಡದೆ ಖಾತೆ, ಕೀರ್ದಿ, ದಫ್ತರ, ಹಿಸ್ಸೆ, ವಾರಸಾ ಮೊದಲಾಗಿ ಆಡಳಿತ ಮತ್ತು ವ್ಯಾಪಾರದಲ್ಲಿ ಬೇರೂರಿದ ಪದಗಳನ್ನೂ ಬಳಸಿಕೊಳ್ಳುವುದು. ಈ ಪದಗಳಲ್ಲಿ ಶತಮಾನಗಳ ಲೆಕ್ಕಪತ್ರದ ಅನುಭವ ಅಡಗಿದೆ. ದತ್ತಸಂಚಯ ಎಂಬ ಹೊಸ ಪದ ಬರುವ ಮೊದಲೂ ಕೀರ್ದಿ-ಖತಾವಣಿಗಳು ಮಾಹಿತಿ ವ್ಯವಸ್ಥೆಗಳೇ ಆಗಿದ್ದವು. ದಿನದ ವ್ಯವಹಾರವನ್ನು ಬಂದ ಕ್ರಮದಲ್ಲಿ ಕೀರ್ದಿಯಲ್ಲಿ ಬರೆದು, ಅನಂತರ ಖಾತೆವಾರು ವಿಂಗಡಿಸುವ ಪದ್ಧತಿಯನ್ನು ಬಲ್ಲ ವಿದ್ಯಾರ್ಥಿಗೆ ದತ್ತಾಂಶದ ಸಂಸ್ಕರಣೆಯ ತತ್ತ್ವ ಅರ್ಧ ತಿಳಿದಂತೆಯೇ.

ಇದಕ್ಕೆ ಕನ್ನಡ ಅಧ್ಯಾಪಕರು ಪ್ರೋಗ್ರಾಮಿಂಗ್ ಕಲಿಯಬೇಕಾಗಿಲ್ಲ. ಯಾವ ಹಂತದಲ್ಲಿ ಭಾಷೆಯ ನಿರ್ಣಯ ನಡೆಯುತ್ತದೆ ಎಂಬುದನ್ನು ಗುರುತಿಸಬಲ್ಲರಾದರೆ ಸಾಕು. ಅಂಕಣಕ್ಕೆ ಹೆಸರಿಡುವಾಗ, ಆಯ್ಕೆಗಳ ಪಟ್ಟಿ ಸಿದ್ಧಪಡಿಸುವಾಗ, ಎರಡು ನಮೂದುಗಳು ಒಂದೇ ಎಂದು ತೀರ್ಮಾನಿಸುವಾಗ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗ, ದೋಷಸಂದೇಶವನ್ನು ಬರೆಯುವಾಗ ಭಾಷಾಜ್ಞಾನದ ಅಗತ್ಯ ಬೀಳುತ್ತದೆ. ಸದ್ಯ ಈ ನಿರ್ಣಯಗಳನ್ನು ಹೆಚ್ಚಾಗಿ ಭಾಷೆಯ ವಿಶೇಷ ತರಬೇತಿ ಇಲ್ಲದವರು ತೆಗೆದುಕೊಳ್ಳುತ್ತಿದ್ದಾರೆ.

ಒಟ್ಟಿನಲ್ಲಿ, ಮಾಹಿತಿ ವ್ಯವಸ್ಥೆಗಳ ನಿರ್ವಹಣೆ ಎಂಬ ವಿಷಯ ತಂತ್ರಜ್ಞಾನ ಮತ್ತು ವಾಣಿಜ್ಯ ವಿಭಾಗಗಳ ಗಡಿಯೊಳಗೆ ಹುಟ್ಟಿದರೂ ಅದರ ಯಶಸ್ಸು ಭಾಷೆಯನ್ನು ಅವಲಂಬಿಸಿದೆ. ಖಾನಾಪುರದ ರೈತನ ಉತಾರ, ಉದ್ಯಮಬಾಗದ ಕಾರ್ಮಿಕನ ಪಾಳಿಯ ದಾಖಲೆ, ತವರಿನ ಆಸ್ತಿಯಲ್ಲಿ ಹೆಣ್ಣುಮಗಳ ಹೆಸರು ಇವೆಲ್ಲ ಇಂದು ದತ್ತಸಂಚಯಗಳಲ್ಲಿ ನೆಲೆಸಿವೆ. ಅವುಗಳನ್ನು ಕಟ್ಟುವ ಮತ್ತು ನಡೆಸುವ ತರುಣರು ಪದವಿ ಕಾಲೇಜುಗಳಿಂದ ಹೊರಬರುತ್ತಿದ್ದಾರೆ. ಅವರಲ್ಲಿ ಕನ್ನಡವನ್ನು ಭಾಷೆಯಾಗಿ ಆಯ್ದುಕೊಂಡವರೆಲ್ಲರೂ ಒಂದೆರಡು ವರ್ಷವಾದರೂ ಕನ್ನಡದ ತರಗತಿಯಲ್ಲಿ ಕುಳಿತವರೇ. ಆ ಅವಧಿಯಲ್ಲಿ ಒಂದು ಪಹಣಿಯನ್ನು ಪಠ್ಯದಂತೆ ಓದುವ, ಒಂದು ಹೆಸರಿನ ಹಲವು ರೂಪಗಳನ್ನು ಗುರುತಿಸುವ, ಒಂದು ಅಂಕಣಕ್ಕೆ ತಕ್ಕ ಪದವನ್ನು ಹುಡುಕುವ ಅಭ್ಯಾಸವನ್ನು ಕೊಡಲು ಸಾಧ್ಯವಾದರೆ, ಕನ್ನಡ ವಿಭಾಗಗಳು ತಮ್ಮ ಹೊಣೆಯ ಬಹುಪಾಲನ್ನು ನಿರ್ವಹಿಸಿದಂತಾಗುತ್ತದೆ.